ಒಂದೇ ಇಂಜಿನ್ನಿನ ವಿಮಾನದಲ್ಲಿ ಸ್ಕಾಟ್ಲೆಂಡಿನ ದ್ವೀಪಗಳಿಗೆ: ಒಂದು ವಾರ ಸಾಕಾ? ಬಾರಾದ ಮರಳಿನ ಮೇಲೆ ಇಳಿಯಬಹುದಾ?

ಹಾಸನದ_ಹಕ್ಕಿ

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋ ಹತ್ತಿರ ಬಂದು ನೆಲೆಸಿ ಐದು ವರ್ಷ ಆಯಿತು. ಎರಡು ವರ್ಷದ ಹಿಂದೆ ಇಲ್ಲೇ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡೆ. ಇದುವರೆಗೆ 140 ಗಂಟೆ ಹಾರಿದ್ದೇನೆ, ಹೆಚ್ಚುಕಮ್ಮಿ ಎಲ್ಲವೂ ಕ್ಲಬ್ಬಿನ ಪೈಪರ್ ವಾರಿಯರ್ ಅನ್ನುವ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ. ಕ್ಲಬ್ಬಿನ ಗೋಡೆಗೆ ಒಂದು ದೊಡ್ಡ ಮ್ಯಾಪ್ ಅಂಟಿಸಿದ್ದಾರೆ. ಅದರ ಎಡಗಡೆ ಅಂಚಿನಲ್ಲಿ ಯಾರೋ ಮೊರದಿಂದ ಕಡಲೆಕಾಯಿ ಚೆಲ್ಲಿದ ಹಾಗೆ ದ್ವೀಪಗಳು ಬಿದ್ದಿವೆ. ಟೈರೀ, ಬಾರಾ, ಯೂಇಸ್ಟ್, ಲೂಯಿಸ್. ಟೀ ಕುಡಿಯುತ್ತಾ ಅದನ್ನೇ ನೋಡಿ ನೋಡಿ ಈಗ ಹೋಗಲೇಬೇಕು ಅನ್ನಿಸಿಬಿಟ್ಟಿದೆ.

ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿದ್ದೇನೆ. ನಾನು, ಹೆಂಡತಿ, ಒಬ್ಬ ಗೆಳೆಯ. ಪಶ್ಚಿಮ ಕರಾವಳಿಯ ಓಬನ್ ಊರಿನಿಂದ ಟೈರೀ, ಅಲ್ಲಿಂದ ನೇರ ಬಾರಾಗೆ ಹೋಗಿ ಸಮುದ್ರದ ದಡದ ಮರಳಿನ ಮೇಲೆ ಇಳಿಯುವುದು, ಆಮೇಲೆ ಬೆನ್‌ಬೆಕ್ಯುಲಾ, ಸ್ಟಾರ್ನವೇ, ಪೂರ್ವಕ್ಕೆ ತಿರುಗಿ ಆರ್ಕ್ನಿಯ ಕರ್ಕ್‌ವಾಲ್, ಪಾಪಾ ವೆಸ್ಟ್ರೇ, ಕೊನೆಗೆ ಫೇರ್ ಐಲ್. ಸಾಧ್ಯವಾದರೆ ದೂರದ ಸೇಂಟ್ ಕಿಲ್ಡಾ ದ್ವೀಪಗಳನ್ನೂ ಮೇಲಿಂದ ಒಂದು ಸುತ್ತು ಹಾಕಬೇಕು ಅಂತ ಆಸೆ.

ನನ್ನ ಪ್ರಶ್ನೆಗಳು ಇಷ್ಟು. ಏಳು ದಿನಕ್ಕೆ ಇದು ಆಗುತ್ತದಾ? ಅಲ್ಲಿನ ಗಾಳಿಗೆ 140 ಗಂಟೆಯ ಅನುಭವ ಸಾಕಾ? ಬಾರಾದಲ್ಲಿ ನನ್ನಂಥವನು ಇಳಿಯಬಹುದಾ? ಇನ್ನೊಂದು, ಇದು ನನ್ನ ಅಪ್ಪನ ಪ್ರಶ್ನೆ. ಹಾಸನದಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ: "ಒಂದೇ ಇಂಜಿನ್ನು, ಕೆಳಗೆ ಸಮುದ್ರ. ಅದು ನಿಂತುಹೋದರೆ ಏನು ಮಾಡ್ತೀಯಪ್ಪ?" ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಜಕ್ಕೂರಿನವನು

ಹಾಸನದವರೇ, ಒಳ್ಳೆ ಆಸೆ. ನಾನು ಹಾರೋದು ಕಲಿತಿದ್ದು ಬೆಂಗಳೂರಿನ ಜಕ್ಕೂರಿನಲ್ಲಿ, ಈಗ ಇರೋದು ಲೀಡ್ಸ್‌ನಲ್ಲಿ. ನಾಲ್ಕು ಜನ ಸೇರಿ ಇಟ್ಟುಕೊಂಡಿರುವ ಸೆಸ್ನಾ 172ರಲ್ಲಿ ಆ ಕಡೆ ಒಂಬತ್ತು ಸಲ ಹೊರಟಿದ್ದೇನೆ. ಹೊರಟಿದ್ದೇನೆ ಅಂತ ಬೇಕಂತಲೇ ಬರೆದೆ, ಯಾಕೆಂದರೆ ದ್ವೀಪ ಮುಟ್ಟಿದ್ದು ಐದೇ ಸಲ. ಉಳಿದ ನಾಲ್ಕು ಸಲ ಓಬನ್‌ನಲ್ಲೋ ಇನ್ನೆಲ್ಲೋ ಕೂತು, ಮೋಡ ನೋಡಿ, ಮೀನು ಚಿಪ್ಸ್ ತಿಂದು ವಾಪಸ್ಸು ಬಂದೆವು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಏಳು ದಿನಕ್ಕೆ ನಿಮ್ಮ ಅರ್ಧ ಪಟ್ಟಿ ಇಟ್ಟುಕೊಳ್ಳಿ. ಪಶ್ಚಿಮದ ದ್ವೀಪಗಳೋ ಆರ್ಕ್ನಿಯೋ, ಯಾವುದಾದರೂ ಒಂದು. ಸ್ಟಾರ್ನವೇಯಿಂದ ಕರ್ಕ್‌ವಾಲ್‌ಗೇ ಸುಮಾರು 116 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್) ಇದೆ, ಮತ್ತೆ ಎರಡೂ ಕಡೆ ಹವೆ ಒಂದೇ ದಿನ ಚೆನ್ನಾಗಿರಬೇಕು.

ಮೇ ತಿಂಗಳು ಸರಿಯಾದ ಆಯ್ಕೆ. ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ಮಳೆ ಕಮ್ಮಿ, ಬೆಳಕು ಜಾಸ್ತಿ. ಆದರೆ ಗಾಳಿಗೆ ರಜೆ ಇಲ್ಲ. ಟೈರೀಯಲ್ಲಿ ಹೇಳಿಕೊಳ್ಳುವಂಥ ಮರವೇ ಇಲ್ಲ, ಅಟ್ಲಾಂಟಿಕ್‌ನಿಂದ ಬಂದ ಗಾಳಿ ಮೊದಲು ಮುಟ್ಟುವುದು ನಿಮ್ಮನ್ನೇ. ಜನ ಅಲ್ಲಿಗೆ ವಿಂಡ್‌ಸರ್ಫಿಂಗ್ ಮಾಡಲೆಂದೇ ಬರುತ್ತಾರೆ. ಹಾಗೆಂದು ಹೆದರಬೇಕಾಗಿಲ್ಲ. ಸಮತಟ್ಟಾದ ದ್ವೀಪದ ಮೇಲೆ ಸಮುದ್ರದಿಂದ ನೇರ ಬರುವ 25 ನಾಟ್ (ಗಂಟೆಗೆ 25 ನಾಟಿಕಲ್ ಮೈಲಿ) ಗಾಳಿ ಜೋರಾಗಿದ್ದರೂ ಒಂದೇ ಸಮ ಬೀಸುತ್ತದೆ. ಅದೇ 25 ನಾಟ್ ಒಂದು ಬೆಟ್ಟ ಹತ್ತಿ ಇಳಿದು ನಿಮ್ಮ ಕಡೆ ಬಂದರೆ ವಿಮಾನವನ್ನು ಹಿಡಿದು ಅಲ್ಲಾಡಿಸುತ್ತದೆ. ಮಲ್ ಮತ್ತು ಸ್ಕೈ ದ್ವೀಪಗಳ ಬೆಟ್ಟದ ಮರೆಯಲ್ಲಿ, ಅಂದರೆ ಗಾಳಿ ಬೆಟ್ಟ ದಾಟಿ ಇಳಿಯುವ ಆಚೆ ಬದಿಯಲ್ಲಿ, ಕೆಳಗೆ ಹಾರಬೇಡಿ. ನನ್ನ ತಲೆ ಮೇಲ್ಛಾವಣಿಗೆ ಬಡಿದದ್ದು ಮಲ್‌ನ ಪೂರ್ವಕ್ಕೆ, ಬಿಸಿಲು ಹೊಳೆಯುತ್ತಿದ್ದ ದಿನ.

ಅಡ್ಡಗಾಳಿ ಎಷ್ಟು ತಡೆಯಬಲ್ಲಿರಿ ಅಂತ ಪ್ರಾಮಾಣಿಕವಾಗಿ ಒಂದು ಅಂಕಿ ಬರೆದಿಟ್ಟುಕೊಳ್ಳಿ. ನಮ್ಮ ಸೆಸ್ನಾದ ಪುಸ್ತಕದಲ್ಲಿ 15 ನಾಟ್ ಅಂತ ಇದೆ. ನನ್ನದು 12. ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಅರ್ಧ ಗಾಳಿ ಅಡ್ಡಕ್ಕೆ ಸಿಗುತ್ತದೆ ಅನ್ನುವ ಲೆಕ್ಕ ತಲೆಯಲ್ಲಿರಲಿ. ಹೊರಡುವ ಮುಂಚೆ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಗಾಳಿ ಇರುವ ದಿನವನ್ನೇ ಹುಡುಕಿ ಎರಡು ಗಂಟೆ ಇಳಿಯುವ ಅಭ್ಯಾಸ ಮಾಡಿ. ಗಂಟೆಗಳ ಲೆಕ್ಕಕ್ಕಿಂತ ಅದು ಮುಖ್ಯ.

ಇನ್ನು ಬಾರಾ. ಮೊದಲು ನಿಮ್ಮ ಕ್ಲಬ್ಬಿಗೆ ಕೇಳಿ. ಎಷ್ಟೋ ಕ್ಲಬ್ಬಿನವರು ಮರಳಿನ ಮೇಲೆ ಇಳಿಸಲು ಬಿಡುವುದಿಲ್ಲ, ಇನ್ಶೂರೆನ್ಸ್ ಒಂದು ಕಡೆ, ಉಪ್ಪು ಇನ್ನೊಂದು ಕಡೆ. ಬಿಟ್ಟರೆ ಮಾತ್ರ ಮುಂದಿನದು. ಅದರ ಹೆಸರು ಟ್ರಾಯ್ ವೋರ್, ದೊಡ್ಡ ಕಡಲತೀರ ಅಂತ ಅರ್ಥ. 1936ರಿಂದ ವಿಮಾನ ಇಳಿಯುತ್ತಿವೆ. ಮರಳಿನ ಮೇಲೆ ಮೂರು ರನ್‌ವೇ, ತ್ರಿಕೋನದ ಹಾಗೆ, ಗುರುತಿಗೆ ತುದಿಯಲ್ಲಿ ಮರದ ಕಂಬ ಅಷ್ಟೇ. ಮೂರರಲ್ಲಿ ಉದ್ದದ್ದೂ 900 ಮೀಟರ್ ಮುಟ್ಟುವುದಿಲ್ಲ. ಉಬ್ಬರ ಬಂದಾಗ ಮೂರೂ ನೀರಿನ ಕೆಳಗೆ. ಗ್ಲಾಸ್ಗೋದಿಂದ ಬರುವ ಲೋಗನೇರ್ ಕಂಪನಿಯ ಟ್ವಿನ್ ಆಟರ್ ಪ್ರಯಾಣಿಕ ವಿಮಾನದ ವೇಳಾಪಟ್ಟಿಯೂ ಇಳಿತದ ಜೊತೆಗೇ ಜರುಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ನಿಮ್ಮ ರಜೆಯ ವಾರದ ಇಳಿತದ ಪಟ್ಟಿಯನ್ನು ಈಗಲೇ ನೋಡಿ. ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಲೇಬೇಕು. ಪೆಟ್ರೋಲ್ ಅಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ವಾಪಸ್ಸು ಬರುವಷ್ಟು ತುಂಬಿಸಿಕೊಂಡೇ ಹೋಗಿ.

ಇಳಿಯುವ ಹೊತ್ತಿನ ಕಷ್ಟ ಒಂದೇ. ಎತ್ತರ ತಿಳಿಯುವುದಿಲ್ಲ. ಒದ್ದೆ ಮರಳು ಕನ್ನಡಿ ಹಾಗೆ ಆಕಾಶವನ್ನೇ ತೋರಿಸುತ್ತದೆ. ನೆಲ ಎಲ್ಲಿ ಶುರುವಾಯಿತು ಅನ್ನುವುದೇ ಕಣ್ಣಿಗೆ ಸಿಗಲ್ಲ. ನಾನು ದೂರದ ಕಂಬವನ್ನೂ ಅದರಾಚೆಯ ಮರಳುದಿಬ್ಬವನ್ನೂ ನೋಡುತ್ತಾ ಸ್ವಲ್ಪ ಪವರ್ ಇಟ್ಟುಕೊಂಡೇ ಇಳಿದೆ. ಚಕ್ರ ಮುಟ್ಟಿದಾಗ ಟಾರ್ ರಸ್ತೆಯ ಕಿರ್ ಸದ್ದು ಬರಲಿಲ್ಲ. ಅಲೆ ಬಿಟ್ಟುಹೋದ ಗೆರೆಗಳ ಮೇಲೆ ಟರ ಟರ ಅಂತ ನಡುಗಿತು, ರೆಕ್ಕೆಯ ಕೆಳಭಾಗಕ್ಕೆಲ್ಲ ನೀರು ಸಿಡಿಯಿತು. ಬ್ರೇಕ್ ಬೇಕಾಗಲೇ ಇಲ್ಲ. ಬಾಗಿಲು ತೆಗೆದರೆ ಚಿಪ್ಪಿನ ವಾಸನೆ, ಕಾಲ ಕೆಳಗೆ ಬಿಳಿ ಕಾಕಲ್ ಚಿಪ್ಪಿನ ಚೂರು. ಎರಡು ಗಂಟೆ ಇದ್ದು ನೀರು ಏರುವ ಮುಂಚೆ ಹೊರಟೆವು. ಅವತ್ತು ಸಂಜೆ ಮುಕ್ಕಾಲು ಗಂಟೆ ಸಿಹಿನೀರಿನಲ್ಲಿ ಚಕ್ರದ ಮೇಲಿನ ಕವಚ, ಬ್ರೇಕು, ಫ್ಲ್ಯಾಪಿನ ಕೀಲು ಎಲ್ಲ ತೊಳೆದೆವು. ಅದನ್ನು ಮರುದಿನಕ್ಕೆ ಬಿಡಬೇಡಿ.

ಒಂದು ಚಿಕ್ಕ ವಿಷಯ, ಆದರೆ ನನಗೆ ದುಬಾರಿ ಬಿದ್ದಿದ್ದು. ಟೈರೀಯಲ್ಲಿ ವಿಮಾನ ನಿಲ್ಲಿಸಿದಾಗ ಗಾಳಿಗೆ ಬೆನ್ನು ಹಾಕಿ ನಿಲ್ಲಿಸಿದ್ದೆ. ಪಕ್ಕದಲ್ಲಿದ್ದ ಗೆಳೆಯ ಬಾಗಿಲಿನ ಹಿಡಿ ತಿರುಗಿಸಿದ. ಗಾಳಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮುಂದಕ್ಕೆ ಬೀಸಿತು, ಕೀಲು ಬಗ್ಗಿತು, ಬಾಗಿಲು ಮುಚ್ಚಲಿಲ್ಲ. ಅಲ್ಲಿಗೆ ಆ ಪ್ರವಾಸ ಮುಗಿಯಿತು. ಮೂಗು ಗಾಳಿಗೆ ಎದುರು, ಬಾಗಿಲಿನ ಮೇಲೆ ಒಂದು ಕೈ, ಇದನ್ನು ಹೆಂಡತಿಗೂ ಗೆಳೆಯನಿಗೂ ಮನೆಯಲ್ಲೇ ಹೇಳಿಕೊಡಿ. ಕಟ್ಟಲು ಹಗ್ಗ, ಗೂಟ ನಿಮ್ಮದೇ ಇರಲಿ.

ಮಲ್ಪೆ_ಕಡಲು

ಹಾಸನದವರೇ, ನಾನು ಪೈಲಟ್ ಅಲ್ಲ. ಮಲ್ಪೆಯವ, ಹಡಗಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವ, ಉತ್ತರ ಸಮುದ್ರದಲ್ಲೂ ಇದ್ದೆ. ನಿಮ್ಮ ತಂದೆಯವರ ಪ್ರಶ್ನೆಗೆ ನೀರಿನ ಕಡೆಯಿಂದ ಉತ್ತರ ಹೇಳುತ್ತೇನೆ.

ಮಾರಾಯ್ರೇ, ನಮ್ಮ ಕಡೆಯ ನೀರು ನೆನಪಿಸಿಕೊಂಡು ಆ ನೀರನ್ನು ಅಳೆಯಬೇಡಿ. ಮಲ್ಪೆಯಲ್ಲಿ ಮೇ ತಿಂಗಳ ಸಮುದ್ರ ಬೆಚ್ಚಗಿನ ಸ್ನಾನದ ನೀರು. ಅಲ್ಲಿ ಮೇ ತಿಂಗಳಲ್ಲಿ 10 ಡಿಗ್ರಿ ಆಸುಪಾಸು. ದಡದಲ್ಲಿ ಬಿಸಿಲಿದ್ದರೂ ನೀರು ಚಳಿಗಾಲದಿಂದ ಇನ್ನೂ ಹೊರಗೆ ಬಂದಿರುವುದಿಲ್ಲ. ನಮಗೆ ತರಬೇತಿಯಲ್ಲಿ ಹೇಳಿಕೊಡುವ ಲೆಕ್ಕ 1, 10, 1. ಬಿದ್ದ ಮೊದಲ ಒಂದು ನಿಮಿಷ ಉಸಿರು ನಿಮ್ಮ ಮಾತು ಕೇಳುವುದಿಲ್ಲ, ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ಹೋದರೆ ಅಲ್ಲಿಗೇ ಮುಗಿಯಿತು. ಮುಂದಿನ ಹತ್ತು ನಿಮಿಷ ಕೈಬೆರಳು ಕೆಲಸ ಮಾಡುತ್ತವೆ. ಏನು ಮಾಡುವುದಿದ್ದರೂ ಅಷ್ಟರಲ್ಲಿ. ಆಮೇಲೆ ಸುಮಾರು ಒಂದು ಗಂಟೆ, ಅಷ್ಟರಲ್ಲಿ ಎಚ್ಚರ ತಪ್ಪುತ್ತದೆ. ಈಜು ಬರುತ್ತದೆ ಅನ್ನುವುದು ಇಲ್ಲಿ ದೊಡ್ಡ ಮಾತಲ್ಲ.

ಹಾಗಾಗಿ ಮೂವರಿಗೂ ಇಮ್ಮರ್ಶನ್ ಸೂಟ್, ಅಂದರೆ ತಣ್ಣೀರು ಒಳಗೆ ಬಿಡದ ಮೈಪೂರ್ತಿ ಉಡುಪು, ಬಾಡಿಗೆಗೆ ತನ್ನಿ. ಸೊಂಟದವರೆಗೆ ಹಾಕಿಕೊಂಡು ಬೇಕಾದಾಗ ಮೇಲಕ್ಕೆ ಎಳೆದುಕೊಳ್ಳುತ್ತೇವೆ ಅನ್ನಬೇಡಿ. ಅಷ್ಟು ಚಿಕ್ಕ ವಿಮಾನದಲ್ಲಿ, ಇಂಜಿನ್ ನಿಂತ ಗಾಬರಿಯಲ್ಲಿ ಅದು ಆಗುವ ಕೆಲಸ ಅಲ್ಲ. ಲೈಫ್ ಜಾಕೆಟ್ ಮೈಮೇಲೇ ಇರಲಿ, ಸೀಟಿನ ಕೆಳಗಲ್ಲ. ಒಳಗೆ ಕೂತು ಗಾಳಿ ತುಂಬಿಸಬೇಡಿ. ತುಂಬಿಸಿದರೆ ಮೇಲ್ಛಾವಣಿಗೆ ಅಂಟಿಕೊಳ್ಳುತ್ತೀರಿ, ಬಾಗಿಲಿನತ್ತ ಮುಳುಗಿ ಹೋಗಲು ಆಗುವುದಿಲ್ಲ. ಗಾಳಿ ತುಂಬಿಸುವ ರಾಫ್ಟ್ (ಜೀವರಕ್ಷಕ ತೆಪ್ಪ) ಲಗೇಜಿನ ಜೊತೆ ಹಿಂದೆ ತುರುಕದೆ ಹಿಂದಿನ ಸೀಟಿನವರ ಪಕ್ಕದಲ್ಲಿ ಇಡಿ. 406 ಮೆಗಾಹರ್ಟ್ಸ್‌ನ ಚಿಕ್ಕ ಬೀಕನ್ ಸಿಗುತ್ತದೆ, ಉಪಗ್ರಹಕ್ಕೆ ಕೂಗು ಕಳಿಸುವಂಥದ್ದು. ಅದು ಬ್ಯಾಗಿನಲ್ಲಿ ಅಲ್ಲ, ನಿಮ್ಮ ಜಾಕೆಟ್ಟಿಗೆ ಕಟ್ಟಿರಲಿ. ಬ್ಯಾಗು ಮುಳುಗುತ್ತದೆ.

ಇನ್ನೊಂದು, ಇದು ಖುಷಿಯ ಮಾತು. ಓಬನ್‌ನಿಂದ ಟೈರೀಗೆ ಹೋಗುವಾಗ ಮಲ್ ದಾಟಿದ ಮೇಲೆ ಸ್ಟಾಫಾ ಅಂತ ಒಂದು ಪುಟ್ಟ ದ್ವೀಪ ಸಿಗುತ್ತದೆ. ತಪ್ಪದೆ ನೋಡಿ. ನಮ್ಮ ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಆರು ಮೂಲೆಯ ಕಲ್ಲಿನ ಕಂಬಗಳಿವೆಯಲ್ಲ, ಅಂಥದ್ದೇ, ಆದರೆ ಗೋಡೆಯಷ್ಟು ಎತ್ತರಕ್ಕೆ ಒತ್ತೊತ್ತಾಗಿ ನಿಂತಿವೆ. ಎರಡೂ ಕಡೆ ಲಾವಾ ತಣ್ಣಗಾಗುವಾಗ ಬಿರಿದು ಆದದ್ದು. ನಾನು ಹಡಗಿನಿಂದ ಮೊದಲ ಸಲ ನೋಡಿದಾಗ ಊರಿಗೆ ಫೋನ್ ಮಾಡಬೇಕು ಅನ್ನಿಸಿತ್ತು.

ಜಕ್ಕೂರಿನವನು

ಮಲ್ಪೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಾರಿಯರ್‌ಗೆ ಇರುವುದು ಒಂದೇ ಬಾಗಿಲು, ಬಲಗಡೆ. ನೀರಿಗೆ ಇಳಿಯಲೇಬೇಕಾಗಿ ಬಂದರೆ ನೀರು ಮುಟ್ಟುವ ಮುಂಚೆಯೇ ಬಾಗಿಲಿನ ಎರಡೂ ಚಿಲಕ ತೆಗೆದು ಸಂದಿಗೆ ಒಂದು ಶೂ ಸಿಕ್ಕಿಸಬೇಕು. ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಬಲಗಡೆ ಕೂತವರು ಮೊದಲು ಹೊರಗೆ ಹೋಗದೆ ನೀವು ಹೋಗಲು ಆಗುವುದೇ ಇಲ್ಲ. ಆದ್ದರಿಂದ ಅಲ್ಲಿ ಯಾರು ಕೂರುತ್ತಾರೋ ಅವರ ಜೊತೆ ನೆಲದ ಮೇಲೆ, ಸೂಟ್ ಹಾಕಿಕೊಂಡು, ಕಣ್ಣು ಮುಚ್ಚಿ ಮೂರು ಸಲ ಇಳಿದು ಅಭ್ಯಾಸ ಮಾಡಿ. ಅಲೆಗಳು ದೊಡ್ಡದಿದ್ದರೆ ಗಾಳಿಗೆ ಎದುರಾಗಿ ಅಲ್ಲ, ಅಲೆಯ ಉದ್ದಕ್ಕೂ ಇಳಿಸಬೇಕು.

ಈಗ ನಿಮ್ಮ ತಂದೆಯವರ ಪ್ರಶ್ನೆ. ನೀರಿಗೆ ಬೀಳದ ಹಾಗೆ ದಾರಿ ಹಾಕಿಕೊಳ್ಳುವುದೇ ಅದಕ್ಕೆ ನಿಜವಾದ ಉತ್ತರ. ಟೈರೀಯಿಂದ ಬಾರಾಗೆ ನೇರ ಗೆರೆ ಎಳೆದರೆ 37 ನಾಟಿಕಲ್ ಮೈಲಿ. ನಡುವಿನ ಅರ್ಧಕ್ಕಿಂತ ಹೆಚ್ಚು ದೂರ ಇಂಜಿನ್ ನಿಂತರೆ ಯಾವ ದಡವೂ ಸಿಗುವುದಿಲ್ಲ. ಹಾಗೆ ಹೋಗಬೇಡಿ. ಉತ್ತರಕ್ಕೆ ಹೋಗಿ ಸ್ಕೈ ದ್ವೀಪದ ಪಶ್ಚಿಮ ತುದಿ ನೀಸ್ಟ್ ಪಾಯಿಂಟ್ ತಲುಪಿ. ಅಲ್ಲಿ ಒಂದು ಲೈಟ್‌ಹೌಸ್ ಇದೆ, ಗುರುತು ಸುಲಭ. ಅಲ್ಲಿಂದ ಎದುರಿನ ಯೂಇಸ್ಟ್ ಕಡೆಯ ದಡ ಸುಮಾರು 13 ಮೈಲಿ. ಇಂಜಿನ್ ನಿಂತ ಮೇಲೆ ವಾರಿಯರ್ 73 ನಾಟ್‌ನಲ್ಲಿ ತೇಲಿದರೆ 5,000 ಅಡಿಯಿಂದ ಹೆಚ್ಚುಕಮ್ಮಿ ಏಳು ನಿಮಿಷ ಸಿಗುತ್ತದೆ, ಅಂದರೆ ಎಂಟು ಮೈಲಿಯಷ್ಟು. ಈ ಕಡೆಯಿಂದ ಎಂಟು, ಆ ಕಡೆಯಿಂದ ಎಂಟು. 13ಕ್ಕೆ ಸಾಕು. ಆದರೆ ದಡ ಮುಟ್ಟಿದರೆ ಆಗಲಿಲ್ಲ, ಇಳಿಯಲು ಜಾಗವೂ ಹುಡುಕಬೇಕು, ಯೂಇಸ್ಟ್‌ನ ಪೂರ್ವ ದಡ ಬರೀ ಬಂಡೆ ಮತ್ತು ನೀರಿನ ಹೊಂಡ. ಅದಕ್ಕೆ ನಾನು 6,500 ಅಡಿ ಇಲ್ಲದೆ ದಾಟುವುದಿಲ್ಲ. ಆಚೆ ಸಿಕ್ಕಿದ ಮೇಲೆ ಪಶ್ಚಿಮದ ಬಿಳಿ ಮರಳಿನ ಪಕ್ಕದಲ್ಲೇ ದಕ್ಷಿಣಕ್ಕೆ ಇಳಿದುಬನ್ನಿ. ಬೆನ್‌ಬೆಕ್ಯುಲಾ, ದಕ್ಷಿಣ ಯೂಇಸ್ಟ್, ಎರಿಸ್ಕೇ, ಬಾರಾ. ದಾರಿ ಉದ್ದ ಆಯಿತು, ಆದರೆ ನಾನು ಹಾರಿದ ದಾರಿಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ. ಮರಳು ಬಿಳಿ, ಆಳ ಕಮ್ಮಿ ಇರುವ ನೀರು ಹಸಿರು, ಅದರಾಚೆ ಒಮ್ಮೆಲೇ ಕಡುನೀಲಿ.

ಇದರ ಬೆಲೆ ಏನೆಂದರೆ ಮೋಡದ ತಳ 6,500 ಅಡಿಗಿಂತ ಮೇಲಿರುವ ದಿನ ಬೇಕು. ಅಲ್ಲಿ ಎಷ್ಟೋ ದಿನ ಎರಡು ಸಾವಿರಕ್ಕೇ ಮೋಡ ಮುಚ್ಚಿರುತ್ತದೆ. ಅದಕ್ಕೇ ಅರ್ಧ ಪಟ್ಟಿ ಮಾಡಿ ಅಂದದ್ದು. ಹೋಟೆಲ್ ಬುಕಿಂಗ್ ಇದೆ, ಸೋಮವಾರ ಆಫೀಸ್ ಇದೆ ಅಂತ ಎರಡು ಸಾವಿರ ಅಡಿಯಲ್ಲಿ ಹೊರಟವನಿಗೆ ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಇರುವುದಿಲ್ಲ. ತೇವ ಜಾಸ್ತಿ ಇರುವ ಗಾಳಿ, ಹಾಗಾಗಿ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟದ ಹಾಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಹತ್ತು ನಿಮಿಷಕ್ಕೊಮ್ಮೆ ಎಳೆದು ನೋಡಿ. ಯೂಇಸ್ಟ್ ಕಡೆ ಸೇನೆಯ ಕ್ಷಿಪಣಿ ಪರೀಕ್ಷೆಯ ವಲಯ ಇದೆ, ಅವತ್ತು ಚಾಲೂ ಇದೆಯಾ ಅಂತ ನೋಟಮ್ (ಪೈಲಟ್‌ಗಳಿಗೆ ಕೊಡುವ ಅಧಿಕೃತ ಸೂಚನೆ) ನೋಡಿ, ರೇಡಿಯೋದಲ್ಲೂ ಕೇಳಿ.

ಅಬರ್ಡೀನ್_ಅಕ್ಕ

ಹಕ್ಕಿ ನೋಡುವ ಹುಚ್ಚಿನಿಂದ ಆರ್ಕ್ನಿ, ಫೇರ್ ಐಲ್, ಸೇಂಟ್ ಕಿಲ್ಡಾ ಮೂರೂ ಸುತ್ತಿದ್ದೇನೆ, ಪ್ರಯಾಣಿಕಳಾಗಿ. ಹಾಸನದ ತಮ್ಮನಿಗೆ ಎರಡು ಮಾತು.

ಸೇಂಟ್ ಕಿಲ್ಡಾದ ಮೇಲೆ ಸುತ್ತು ಹಾಕುವ ಆಸೆ ಬಿಟ್ಟುಬಿಡಪ್ಪ. ಉತ್ತರ ಯೂಇಸ್ಟ್‌ನಿಂದ ಪಶ್ಚಿಮಕ್ಕೆ 64 ಕಿಲೋಮೀಟರ್, ನಡುವೆ ನಿಲ್ಲಲು ಏನೂ ಇಲ್ಲ, ಅಲ್ಲಿ ರನ್‌ವೇಯೂ ಇಲ್ಲ. ಮೇ ತಿಂಗಳಲ್ಲಿ ಆ ಬಂಡೆಗಳ ತುಂಬ ಗ್ಯಾನೆಟ್, ಪಫಿನ್ ಗೂಡು ಕಟ್ಟಿ ಕೂತಿರುತ್ತವೆ. ಕೆಳಗೆ ವಿಮಾನ ಬಂದರೆ ಸಾವಿರಾರು ಹಕ್ಕಿ ಒಟ್ಟಿಗೆ ಎದ್ದು ಮೊಟ್ಟೆ ಬಿಟ್ಟು ಹೋಗುತ್ತವೆ. ಲೂಯಿಸ್‌ಗೆ ಸೇರಿಕೊಂಡಿರುವ ಹ್ಯಾರಿಸ್‌ನಿಂದ ದೋಣಿ ಹೋಗುತ್ತದೆ, ಅದರಲ್ಲಿ ಹೋಗು. ಅದು ಮೇಲಿಂದ ನೋಡುವ ಜಾಗವೂ ಅಲ್ಲ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನರೂ ಊರು ಬಿಟ್ಟು ಹಡಗು ಹತ್ತಿದರು. ಮನೆಗಳ ಸಾಲು ಇನ್ನೂ ಇದೆ. ಒಂದು ಮನೆಯ ಹೊಸ್ತಿಲ ಹತ್ತಿರ ನಿಂತಿದ್ದೆ, ಮಾಡು ಇಲ್ಲ, ಒಲೆ ಇದ್ದ ಜಾಗದಲ್ಲಿ ಹುಲ್ಲು, ಅದರ ಮೇಲೆ ಒಂದು ಕುರಿ ಮಲಗಿತ್ತು. ಗೋಡೆಯ ಮರೆಯಲ್ಲಿ ಮಾತ್ರ ಗಾಳಿ ಇರಲಿಲ್ಲ.

ಫೇರ್ ಐಲ್‌ನ ರನ್‌ವೇ ಜಲ್ಲಿಯದ್ದು, ಉದ್ದ 500 ಮೀಟರ್ ಕೂಡ ಇಲ್ಲ. ಮೂರು ಜನ ಕೂತ ವಾರಿಯರ್‌ಗೆ ಅದು ಸಾಕಾ ಅನ್ನುವುದನ್ನು ಜಕ್ಕೂರಿನವರು ಹೇಳಲಿ, ನಾನಂತೂ ಶೆಟ್ಲೆಂಡಿನ ಟಿಂಗ್ವಾಲ್‌ನಿಂದ ಐಲ್ಯಾಂಡರ್ ವಿಮಾನದಲ್ಲಿ ಹೋದೆ. ಪಾಪಾ ವೆಸ್ಟ್ರೇಗೂ ಹಾಗೇ ಮಾಡು. ನಿಮ್ಮ ವಿಮಾನ ಕರ್ಕ್‌ವಾಲ್‌ನಲ್ಲಿ ಕಟ್ಟಿಹಾಕಿ ಲೋಗನೇರ್ ಟಿಕೆಟ್ ತೆಗೆದುಕೊಳ್ಳಿ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿಲೋಮೀಟರ್, ಪ್ರಪಂಚದ ಅತಿ ಚಿಕ್ಕ ನಿತ್ಯದ ವಿಮಾನಯಾನ, 1967ರಿಂದ ನಡೆಯುತ್ತಿದೆ. ಪಟ್ಟಿಯಲ್ಲಿ ಎರಡು ನಿಮಿಷ, ದಾಖಲೆ 53 ಸೆಕೆಂಡ್. ಪೈಲಟ್ ಹಿಂದಿನ ಸೀಟಿನಿಂದ ಅವರ ಕೈಕಾಲಿನ ಕೆಲಸ ಪೂರ್ತಿ ಕಾಣುತ್ತದೆ. ಪ್ರತಿದಿನ ಆ ಗಾಳಿಯಲ್ಲಿ ಇಳಿಯುವವರು ಹೇಗೆ ಇಳಿಯುತ್ತಾರೆ ಅಂತ ಭುಜದ ಮೇಲಿಂದ ನೋಡಿ ಕಲಿಯಬಹುದು, ಅಲ್ವಾ? ಇಳಿದ ಮೇಲೆ ನ್ಯಾಪ್ ಆಫ್ ಹೋವರ್‌ಗೆ ನಡೆದುಹೋಗಿ. 5,000 ವರ್ಷಕ್ಕೂ ಹಳೆಯ ಕಲ್ಲಿನ ಮನೆ, ಬಾಗಿಲು ಎಷ್ಟು ತಗ್ಗು ಅಂದರೆ ಬಗ್ಗಿಯೇ ಒಳಗೆ ಹೋಗಬೇಕು.

ಜಕ್ಕೂರಿನವನು

ಅಕ್ಕ ಹೇಳಿದ್ದು ಸರಿ. ಫೇರ್ ಐಲ್‌ಗೆ 140 ಗಂಟೆಯಲ್ಲಿ ಮೂರು ಜನರನ್ನು ಕೂರಿಸಿಕೊಂಡು ಬೇಡ.

ಹಾಸನದ_ಹಕ್ಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾಪ್ ಹರಡಿಕೊಂಡು ಕೂತು ಎಲ್ಲ ಬದಲಾಯಿಸಿದೆ. ಈ ಸಲ ಪಶ್ಚಿಮ ಮಾತ್ರ. ಆರ್ಕ್ನಿ ಮುಂದಿನ ವರ್ಷ, ಅಕ್ಕ ಹೇಳಿದ ಹಾಗೆ ಟಿಕೆಟ್ ತೆಗೆದುಕೊಂಡು. ಕ್ಲಬ್ಬಿನವರಿಗೆ ಕೇಳಿದೆ, ಬಾರಾಗೆ ಬಿಡುವುದಿಲ್ಲ ಅಂದರು. ಬೇಜಾರಾಯಿತು. ಆದರೆ ಬೆನ್‌ಬೆಕ್ಯುಲಾದಲ್ಲಿ ಇಳಿದು, ಬಸ್ಸಿನಲ್ಲಿ ಎರಿಸ್ಕೇವರೆಗೆ ಹೋಗಿ, ಅಲ್ಲಿಂದ ಫೆರಿಯಲ್ಲಿ ಬಾರಾಗೆ ಹೋಗಬಹುದಂತೆ. ಹೋಗಿ ಮರಳಿನ ಅಂಚಿನಲ್ಲಿ ನಿಂತು ಟ್ವಿನ್ ಆಟರ್ ಇಳಿಯುವುದನ್ನು ನೋಡುತ್ತೇವೆ. ಸೂಟ್ ಮೂರು ಬುಕ್ ಮಾಡಿದೆ. ನಿನ್ನೆ ಹೆಂಡತಿ ಬಲಗಡೆ ಸೀಟಿನಿಂದ ಕಣ್ಣು ಮುಚ್ಚಿ ಇಳಿಯುವುದನ್ನು ಅಭ್ಯಾಸ ಮಾಡಿದಳು. ಮೊದಲ ಸಲ ಮೇಲಿನ ಚಿಲಕ ಸಿಗಲೇ ಇಲ್ಲ. ಮೂರನೇ ಸಲ ಕೈ ನೇರ ಅಲ್ಲಿಗೇ ಹೋಯಿತು.

ಅಪ್ಪನಿಗೂ ಫೋನ್‌ನಲ್ಲಿ ನೀಸ್ಟ್ ಪಾಯಿಂಟ್ ಲೆಕ್ಕ ಹೇಳಿದೆ. ಈ ಕಡೆ ಎಂಟು, ಆ ಕಡೆ ಎಂಟು, ನಡುವೆ 13 ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎದುರುಗಾಳಿ ಇದ್ದರೆ ಎಂಟು ಹೋಗ್ತೀಯಾ?" ಅಂದರು. ಜಕ್ಕೂರಿನವರೇ, ಇದಕ್ಕೇನು ಹೇಳಲಿ?

ಜಕ್ಕೂರಿನವನು

ನಿಮ್ಮ ತಂದೆಯವರು ಸರಿಯಾದ ಪ್ರಶ್ನೆ ಕೇಳಿದ್ದಾರೆ. ಪಶ್ಚಿಮದಿಂದ 25 ನಾಟ್ ಇದ್ದರೆ ಆ ಏಳು ನಿಮಿಷದಲ್ಲಿ ಮುಂದಕ್ಕೆ ಐದೂವರೆ ಮೈಲಿ ಮಾತ್ರ ಹೋಗುತ್ತೀರಿ. ಆದರೆ ಹಿಂದಕ್ಕೆ ತಿರುಗಿದರೆ ಅದೇ ಗಾಳಿ ಹನ್ನೊಂದು ಮೈಲಿ ಒಯ್ಯುತ್ತದೆ. ಎರಡೂ ಕೂಡಿದರೆ ಮೊದಲಿನಷ್ಟೇ. ಬದಲಾಗುವುದು ಎಲ್ಲಿವರೆಗೆ ವಾಪಸ್ಸು ತಿರುಗಬೇಕು ಅನ್ನುವ ಗೆರೆ. ಗಾಳಿ ಇಲ್ಲದ ದಿನ ಅದು ನಡು ಸಮುದ್ರದಲ್ಲಿ, ಅವತ್ತು ಯೂಇಸ್ಟ್ ಹತ್ತಿರಕ್ಕೆ ಸರಿದಿರುತ್ತದೆ. ಹೊರಡುವ ದಿನ ಬೆಳಿಗ್ಗೆ ಆ ಗೆರೆಯನ್ನು ಮ್ಯಾಪಿನ ಮೇಲೆ ಪೆನ್ಸಿಲ್‌ನಲ್ಲಿ ಎಳೆದು, ಫೋಟೋ ತೆಗೆದು ಅವರಿಗೆ ಕಳಿಸಿ.